ಮುದ್ದೆ, ಕಾಳು, ಸೊಪ್ಪು: ಸಸ್ಯಮೂಲದ ಊಟದ ಬಗ್ಗೆ ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಬೇಲೂರು, ಕಡೂರು, ಮೂಡಿಗೆರೆ ಕಡೆ ಯಾರ ಮನೆಗೆ ಹೋದರೂ ಊಟದ ಮಾತು ಬಂದೇ ಬರುತ್ತದೆ. ಹಾಗೆ ಎದುರು ಕೂತು, ಫೋನಿನಲ್ಲಿ, ಕಾಗದದಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಗಟ್ಟಿ ಪ್ರಶ್ನೆಗಳು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು. ನಾನು ಡಾಕ್ಟರಲ್ಲ. ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಊಟ ಬದಲಿಸುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಒಂದು ಮಾತು ಕೇಳಿ.

## ಶುರು ಮಾಡುವವರಿಗೆ

ಅಕ್ಕಾ, ನಾವು ಹುಟ್ಟಿದಾಗಿನಿಂದ ಸಸ್ಯಾಹಾರಿಗಳೇ. ನಮಗೆ ಇದನ್ನೆಲ್ಲ ಯಾಕೆ ಹೇಳ್ತೀರಿ?

ನಿಮ್ಮ ನಿನ್ನೆಯ ಊಟ ನೆನಪು ಮಾಡಿಕೊಳ್ಳಿ. ಬೆಳಗ್ಗೆ ಉಪ್ಪಿಟ್ಟು ಅಥವಾ ದೋಸೆ, ಮಧ್ಯಾಹ್ನ ಬಿಳಿ ಅನ್ನ, ತೆಳು ಸಾರು, ಮೊಸರು, ಸಂಜೆ ಕಾಫಿ ಜೊತೆ ನಿಪ್ಪಟ್ಟು, ರಾತ್ರಿ ಮತ್ತೆ ಅನ್ನ. ಇದರಲ್ಲಿ ಮಾಂಸ ಇಲ್ಲ, ನಿಜ. ಆದರೆ ಕಾಳು ಎಷ್ಟಿತ್ತು? ಸೊಪ್ಪು ಎಷ್ಟಿತ್ತು? ಬಹಳ ಮನೆಗಳಲ್ಲಿ ಎರಡೂ ಸೇರಿ ಒಂದು ಸೌಟು ದಾಟುವುದಿಲ್ಲ.

ನಮ್ಮ ಕಡೆ ಮಾಂಸ ತಿನ್ನುವವರ ತಟ್ಟೆಯಲ್ಲೂ, ತಿನ್ನದವರ ತಟ್ಟೆಯಲ್ಲೂ ಇರುವ ಕೊರತೆ ಒಂದೇ. ಅಕ್ಕಿ ಜಾಸ್ತಿ, ಕಾಳು ಕಮ್ಮಿ, ಸೊಪ್ಪು ಇನ್ನೂ ಕಮ್ಮಿ. ಮೊದಲು ಅದನ್ನು ತುಂಬಿಸಿಕೊಳ್ಳಿ. ಏನು ಬಿಡಬೇಕು ಅನ್ನುವ ಮಾತು ಆಮೇಲೆ.

ಹಾಗಾದ್ರೆ ಬಾಡೂಟ ಪೂರ್ತಿ ಬಿಡಬೇಕಾ?

ಅದು ನಿಮ್ಮ ತೀರ್ಮಾನ. ಹೊಸತೊಡಕಿಗೆ, ಬೀಗರ ಊಟಕ್ಕೆ, ಊರಮ್ಮನ ಹಬ್ಬಕ್ಕೆ ಮಾಡುವ ಅಡುಗೆಯಿಂದ ಯಾರ ಆರೋಗ್ಯವೂ ಕೆಡುವುದಿಲ್ಲ. ಅಂಥ ದಿನಗಳು ವರ್ಷಕ್ಕೆ ಕೆಲವೇ. ನಾನು ಹೇಳುವುದು ಉಳಿದ ದಿನಗಳ ಬಗ್ಗೆ. ಬುಧವಾರ ಬಂತು ಅಂತ ಕೋಳಿ, ಪೇಟೆಗೆ ಹೋದ ಕಾರಣಕ್ಕೆ ಬಿರಿಯಾನಿ, ಅಡುಗೆ ಮಾಡಲು ಬೇಜಾರು ಅಂತ ಕಬಾಬು. ಇವು ಹಬ್ಬವೂ ಅಲ್ಲ, ಹಸಿವೂ ಅಲ್ಲ. ಇಲ್ಲಿಂದ ಕಡಿಮೆ ಮಾಡಿದರೆ ಯಾರಿಗೂ ನೋವಾಗುವುದಿಲ್ಲ. ಶ್ರಾವಣದಲ್ಲಿ ತಿಂಗಳಿಡೀ ಬಿಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಒಂದು ತಿಂಗಳಿನ ಅಡುಗೆಯನ್ನೇ ಉಳಿದ ತಿಂಗಳುಗಳಿಗೂ ಸ್ವಲ್ಪ ಹಂಚಿಕೊಳ್ಳಿ, ಸಾಕು.

ಇದು ಮೇಲ್ಜಾತಿಯವರ ಊಟ. ನಮ್ಮ ಮೇಲೆ ಯಾಕೆ ಹೇರ್ತೀರಿ?

ಕೇಳಲೇಬೇಕಾದ ಪ್ರಶ್ನೆ. ತಟ್ಟೆ ನೋಡಿ ಮನುಷ್ಯರನ್ನು ಅಳೆಯುವ ಕೆಟ್ಟ ರೂಢಿ ನಮ್ಮಲ್ಲಿದೆ. ಅದರಿಂದ ನೊಂದವರು ಅನುಮಾನ ಪಡುವುದರಲ್ಲಿ ತಪ್ಪಿಲ್ಲ. ಕರ್ನಾಟಕದಲ್ಲಿ ಬಹುಪಾಲು ಜನ ಮಾಂಸ ತಿನ್ನುವವರೇ. ಅದರಲ್ಲಿ ಮಡಿ-ಮೈಲಿಗೆಯ ಪ್ರಶ್ನೆಯೇ ಇಲ್ಲ, ಯಾರೂ ಯಾರಿಗಿಂತ ಮೇಲಲ್ಲ.

ಇನ್ನೊಂದು ಮಾತು. ನಾನು ಹೇಳುತ್ತಿರುವ ಮುದ್ದೆ, ಬಸ್ಸಾರು, ಹುರುಳಿಕಟ್ಟು, ಮಸ್ಸೊಪ್ಪು ಇವೆಲ್ಲ ಹೊಲದಲ್ಲಿ ದುಡಿದವರ ಊಟ. ಮೇಲಿನಿಂದ ಇಳಿದು ಬಂದದ್ದಲ್ಲ. ತಿನ್ನಲು ಸಾಕಷ್ಟು ಆಯ್ಕೆ ಇರುವವರಿಗೆ ಮಾತ್ರ ಕಡಿಮೆ ಮಾಡಿ ಅನ್ನಬಹುದು. ಪೌಷ್ಟಿಕತೆಯೇ ಕಮ್ಮಿ ಇರುವ ಮನೆಯ ಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆಯಬೇಡಿ. ಸರ್ಕಾರಿ ಶಾಲೆಯಲ್ಲಿ ಮೊಟ್ಟೆ ಕೊಡುವುದು ಒಳ್ಳೆಯ ಕೆಲಸ. ಅದು ಬೇಡ ಅನ್ನುವವರ ಜೊತೆ ನಾನಿಲ್ಲ.

ಖರ್ಚು ಜಾಸ್ತಿ ಆಗಲ್ವಾ?

ಇಲ್ಲ. ಸಂತೆಯಲ್ಲಿ ಒಂದು ಕೆ.ಜಿ. ಹುರುಳಿ ಕೇಳಿ, ಒಂದು ಕೆ.ಜಿ. ಕೋಳಿ ಕೇಳಿ, ಒಂದು ಕೆ.ಜಿ. ಮಟನ್ ಕೇಳಿ. ಒಂದು ಕೆ.ಜಿ. ಹುರುಳಿ ನಾಲ್ಕು ಜನರ ಮನೆಗೆ ನಾಲ್ಕೈದು ಊಟಕ್ಕೆ ಬರುತ್ತದೆ. ಪ್ಯಾಕೆಟ್ಟಿನ ಸೋಯಾ ಕಬಾಬು, ಬಾದಾಮಿ ಹಾಲು ಅಂತ ಹೊರಟರೆ ಮಾತ್ರ ಜೇಬು ಖಾಲಿ. ಅವು ಬೇಕಾಗಿಯೂ ಇಲ್ಲ.

## ಅಡುಗೆಮನೆಯ ಪ್ರಶ್ನೆಗಳು

ಬಸ್ಸಾರು ಚೆನ್ನಾಗಿರುತ್ತೆ, ಸರಿ. ದಿನಾ ಮಾಡೋಕೆ ಟೈಮ್ ಎಲ್ಲಿದೆ?

ದಿನಾ ಬೇಡ, ವಾರಕ್ಕೆರಡು ಸಲ ಮಾಡಿ. ರಾತ್ರಿ ಮಲಗುವಾಗ ಎರಡು ಹಿಡಿ ಅಲಸಂದೆ ಅಥವಾ ಹೆಸರುಕಾಳು ನೆನೆಹಾಕಿ. ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮುಕ್ಕಾಲು ಪಾಲು ಬೇಯಿಸಿ. ಆಮೇಲೆ ಒಂದು ಕಟ್ಟು ದಂಟಿನ ಸೊಪ್ಪೋ ಹರಿವೆ ಸೊಪ್ಪೋ ಹೆಚ್ಚಿ ಹಾಕಿ. ಸೊಪ್ಪು ಬೆಂದು, ಕಾಳು ಒಡೆಯದೆ ಬೆರಳಿಗೆ ಹಿಸುಕಿದರೆ ಮೆತ್ತಗೆ ಸಿಕ್ಕಬೇಕು. ಆಗ ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದುಕೊಳ್ಳಿ.

ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳುಮೆಣಸು ಬಾಡಿಸಿ. ಒಂದು ಹಿಡಿ ತೆಂಗಿನತುರಿ, ಹುಣಸೆಹಣ್ಣು, ಬೆಂದ ಕಾಳು-ಸೊಪ್ಪಿನಲ್ಲೇ ಒಂದು ಸೌಟು ಸೇರಿಸಿ ರುಬ್ಬಿ. ಈ ಒಂದು ಸೌಟು ಮರೆಯಬೇಡಿ, ಸಾರು ಮಂದ ಬರುವುದು ಅದರಿಂದಲೇ. ರುಬ್ಬಿದ್ದನ್ನು ಕಟ್ಟಿಗೆ ಹಾಕಿ ಕುದಿಸಿದರೆ ಸಾರು, ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯ ಬೇಯುವಿಕೆಯಲ್ಲಿ ಎರಡು ಅಡುಗೆ. ಸಾರು ಮಾರನೆ ದಿನ ಇನ್ನೂ ರುಚಿ. ಕೆಲಸಕ್ಕೆ ಹೋಗುವವರು ಭಾನುವಾರವೇ ಎರಡು ಬಗೆ ಕಾಳು ಮೊಳಕೆ ಕಟ್ಟಿ ಫ್ರಿಜ್ಜಿನಲ್ಲಿಟ್ಟುಕೊಳ್ಳಿ.

ಕಾಳು ತಿಂದ್ರೆ ಹೊಟ್ಟೆ ಉಬ್ಬರ, ಗ್ಯಾಸು. ಏನ್ಮಾಡ್ಲಿ?

ಒಂದೇ ಸಲಕ್ಕೆ ಬಟ್ಟಲು ತುಂಬಾ ತಿನ್ನಬೇಡಿ. ಹೆಸರುಬೇಳೆಯಿಂದ ಶುರು ಮಾಡಿ, ಆಮೇಲೆ ಹೆಸರುಕಾಳು, ಅಲಸಂದೆ, ಕೊನೆಗೆ ಹುರುಳಿ, ಕಡಲೆ. ನೆನೆಸಿದ ನೀರು ಚೆಲ್ಲಿ. ಚೆನ್ನಾಗಿ ಬೇಯಿಸಿ, ಇಂಗು, ಶುಂಠಿ ಹಾಕಿ. ಕರುಳಿಗೆ ನಾರು ಅಭ್ಯಾಸವಾಗಲು ಕೆಲವು ವಾರ ಬೇಕು. ಅಷ್ಟಾದರೂ ನೋವು, ಭೇದಿ ಇದ್ದರೆ ಡಾಕ್ಟರಿಗೆ ತೋರಿಸಿ.

ನಮ್ದು ಕೊಪ್ಪ, ಶೃಂಗೇರಿ ಕಡೆ. ನಮಗೆ ಮುದ್ದೆ ಅಭ್ಯಾಸ ಇಲ್ಲ.

ಮುದ್ದೆ ಕಡ್ಡಾಯ ಅಲ್ಲ. ಅಕ್ಕಿರೊಟ್ಟಿ, ಕಡುಬು ನಿಮ್ಮ ಊಟ, ಅದು ಹಾಗೇ ಇರಲಿ. ಜೊತೆಗಿರುವ ಪಲ್ಯದ ಪಾಲು ದೊಡ್ಡದಾಗಲಿ. ನಿಮ್ಮ ಹಿತ್ತಲಲ್ಲಿ ಸಿಗುವಷ್ಟು ಬಗೆ ನಮ್ಮ ಬಯಲುಸೀಮೆಯ ಸಂತೆಯಲ್ಲಿ ಸಿಗುವುದಿಲ್ಲ. ಬಸಳೆ, ಒಂದೆಲಗ, ಕೆಸು, ಹಲಸಿನ ಗುಜ್ಜೆ, ಹಲಸಿನ ಬೀಜ, ಮಳೆಗಾಲಕ್ಕೆ ಕಳಲೆ. ಮಲೆನಾಡಿನಲ್ಲಿ ಕಮ್ಮಿ ಬೀಳುವುದು ಕಾಳು ಮಾತ್ರ. ಹಾಗಾಗಿ ಕಳಲೆ ಪಲ್ಯಕ್ಕೆ ಮೊಳಕೆ ಹೆಸರು, ಹಲಸಿನ ಬೀಜದ ಹುಳಿಗೆ ಒಂದು ಹಿಡಿ ತೊಗರಿಬೇಳೆ ಜಾಸ್ತಿ, ಬಸಳೆಗೆ ಅಲಸಂದೆ ಸೇರಿಸಿ.

ಎರಡು ಎಚ್ಚರಿಕೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿಯೇ ತಿನ್ನಬೇಕು. ಹಿರಿಯರು ಮಾಡುತ್ತಿದ್ದುದು ಇದನ್ನೇ, ಅವಸರಕ್ಕೆ ಬಿಡಬೇಡಿ. ಕಾಡಿನ ಅಣಬೆಯಲ್ಲಿ ಖಾತ್ರಿಯಾಗಿ ಗುರುತು ಸಿಕ್ಕದ್ದನ್ನು ಮುಟ್ಟಲೇಬೇಡಿ.

ಗೋಬಿ ಮಂಚೂರಿನೂ ಸಸ್ಯಾಹಾರವೇ ಅಲ್ವಾ?

ಸಸ್ಯಾಹಾರ ಹೌದು, ಒಳ್ಳೆಯ ಆಹಾರ ಅಲ್ಲ. ಮೈದಾ, ಕರಿದ ಎಣ್ಣೆ, ಉಪ್ಪು ಸೇರಿದರೆ ಒಳಗಿನ ಹೂಕೋಸಿನಿಂದ ಏನೂ ಪ್ರಯೋಜನ ಇಲ್ಲ. ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು. ಬೇಕರಿ ಪಫ್ಸ್, ಬನ್ನು, ಚಿಪ್ಸ್‌ಗೂ ಇದೇ ಮಾತು.

## ದೇಹದ ಪ್ರಶ್ನೆಗಳು

ಮಾಂಸ, ಮೊಟ್ಟೆ ಬಿಟ್ರೆ ಪ್ರೋಟೀನ್ ಎಲ್ಲಿಂದ ಬರುತ್ತೆ?

ಲೆಕ್ಕ ಹಾಕಿಯೇ ನೋಡೋಣ. ನಮ್ಮ ದೇಶದ ಪೌಷ್ಟಿಕತೆಯ ಲೆಕ್ಕ ಇಡುವ ಐಸಿಎಂಆರ್ ಪ್ರಕಾರ ದೊಡ್ಡವರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕೆ.ಜಿ. ತೂಕದ ಹೆಂಗಸಿಗೆ ಸುಮಾರು 46 ಗ್ರಾಂ, 65 ಕೆ.ಜಿ. ಗಂಡಸಿಗೆ 54 ಗ್ರಾಂ.

ಒಂದು ದಿನದಲ್ಲಿ 150 ಗ್ರಾಂ ರಾಗಿಹಿಟ್ಟು ತಿಂದರೆ ಸುಮಾರು 11 ಗ್ರಾಂ ಪ್ರೋಟೀನ್ ಬರುತ್ತದೆ. 100 ಗ್ರಾಂ ಅಕ್ಕಿಯಿಂದ 7-8. ಕಾಳು-ಬೇಳೆ ಒಣಗಿದ್ದಾಗ ತೂಗಿ 80 ಗ್ರಾಂ ಆದರೆ 17-18. ಒಂದು ಹಿಡಿ ಕಡಲೆಕಾಯಿ ಬೀಜ, ಅಂದರೆ 30 ಗ್ರಾಂ, 7. ಸೊಪ್ಪು ತರಕಾರಿಯಿಂದ 4-5. ಒಟ್ಟು 46 ದಾಟಿತು. ಗಂಡಸರು, ಮೈಮುರಿದು ದುಡಿಯುವವರು ಕಾಳು ಇನ್ನೊಂದು ಹಿಡಿ ಹೆಚ್ಚು ಮಾಡಿಕೊಂಡರೆ ಅವರದ್ದೂ ಆಯಿತು.

ಈ ಲೆಕ್ಕ ನಿಂತಿರುವುದು ಆ 80 ಗ್ರಾಂ ಕಾಳಿನ ಮೇಲೆ. ಅದನ್ನು ತೆಗೆದು ಬರೀ ಅನ್ನ ತೆಳುಸಾರು ತಿಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ ಅಷ್ಟೆ. ಧಾನ್ಯದಲ್ಲಿ ಲೈಸಿನ್ ಅನ್ನುವ ಅಂಶ ಕಮ್ಮಿ, ಕಾಳಿನಲ್ಲಿ ಅದು ಧಾರಾಳ. ಹಾಗಾಗಿ ಮುದ್ದೆ ಜೊತೆ ಹುರುಳಿಕಟ್ಟು, ರೊಟ್ಟಿ ಜೊತೆ ಹಿದುಕಿದ ಅವರೆಬೇಳೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡೂ ಒಂದೇ ಊಟದಲ್ಲೇ ಇರಬೇಕೆಂದೇನಿಲ್ಲ, ದಿನದಲ್ಲಿ ಸೇರಿದರೆ ಸಾಕು.

ಬಿ12 ಕಮ್ಮಿ ಅಂತ ರಿಪೋರ್ಟ್ ಬಂದಿದೆ. ಯಾವ ಸೊಪ್ಪು ತಿನ್ನಲಿ?

ಯಾವ ಸೊಪ್ಪೂ ಅಲ್ಲ. ಬಿ12 ತಯಾರಿಸುವುದು ಬ್ಯಾಕ್ಟೀರಿಯಾಗಳು, ಗಿಡಗಳಲ್ಲ. ಇಡ್ಲಿ ಹಿಟ್ಟು ಹುದುಗಿದ್ದರಿಂದಲೋ, ಸ್ಪಿರುಲಿನಾ ಪುಡಿಯಿಂದಲೋ ಬರುತ್ತದೆ ಅನ್ನುವುದನ್ನು ನಂಬಬೇಡಿ. ಸ್ಪಿರುಲಿನಾದಲ್ಲಿರುವ ಹೆಚ್ಚಿನದು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ರೂಪ.

ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಎರಡು ಮೈಕ್ರೋಗ್ರಾಂಗಿಂತ ಸ್ವಲ್ಪ ಮೇಲೆ. ಅರ್ಧ ಲೀಟರ್ ಹಾಲಿನಲ್ಲಿ ಹೆಚ್ಚು ಕಡಿಮೆ ಅಷ್ಟು ಸಿಗುತ್ತದೆ. ಆದರೆ ಸಸ್ಯಾಹಾರಿಗಳಲ್ಲಿ ಎಷ್ಟು ಜನ ಅರ್ಧ ಲೀಟರ್ ಕುಡಿಯುತ್ತಾರೆ? ಕಾಫಿಗೆ ಬಿಟ್ಟ ಹಾಲು, ಒಂದು ಸೌಟು ಮಜ್ಜಿಗೆ, ಅಷ್ಟೆ. ಹಾಗಾಗಿ ಹಾಲು ಬಿಟ್ಟವರಿಗೆ ಮಾತ್ರವಲ್ಲ, ಹಾಲು ಕುಡಿಯುವ ಸಸ್ಯಾಹಾರಿಗಳಿಗೂ ಈ ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇನ್ನೂ ಇಳಿಯಬಹುದು.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುತ್ತದೆ, ಅದಕ್ಕೇ ಕೊರತೆ ತಡವಾಗಿ ಗೊತ್ತಾಗುತ್ತದೆ. ಕೈಕಾಲು ಜೋಮು, ಸುಸ್ತು, ನಾಲಿಗೆ ಉರಿ, ಮರೆವು ಇದರ ಗುರುತುಗಳು. ತುಂಬಾ ದಿನ ಬಿಟ್ಟರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು. ಒಂದು ರಕ್ತಪರೀಕ್ಷೆ ಮಾಡಿಸಿ, ಎಷ್ಟು ಮಾತ್ರೆ, ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ. ಹಾಲು, ಮೊಟ್ಟೆ ಎರಡನ್ನೂ ಬಿಟ್ಟ ವೀಗನ್‌ಗಳು ಬಿ12 ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಲೇಬೇಕು. ಇದರಲ್ಲಿ ರಾಜಿ ಇಲ್ಲ.

ರಕ್ತ ಕಮ್ಮಿ ಅಂತಾರೆ, ಸೊಪ್ಪು ತಿಂದ್ರೂ ಏರ್ತಿಲ್ಲ. ಯಾಕೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ನೀವೊಬ್ಬರೇ ಅಲ್ಲ.

ಸೊಪ್ಪು ಕಾಳಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದು ನಿಧಾನ. ಅದಕ್ಕೆ ಸಹಾಯ ಬೇಕು, ಅಡ್ಡಿಯನ್ನೂ ತೆಗೆಯಬೇಕು. ನಮ್ಮ ಕಡೆಯ ದೊಡ್ಡ ಅಡ್ಡಿ ಕಾಫಿ. ಊಟ ಮುಗಿಸಿದ ಕೂಡಲೇ ಒಂದು ಲೋಟ ಕಾಫಿ ಕುಡಿದರೆ ಆ ಊಟದ ಕಬ್ಬಿಣಾಂಶದಲ್ಲಿ ದೊಡ್ಡ ಪಾಲು ದೇಹಕ್ಕೆ ಸೇರುವುದೇ ಇಲ್ಲ. ಟೀ ಇನ್ನೂ ಕೆಟ್ಟದ್ದು. ಕಾಫಿ ಬಿಡಿ ಅಂತ ಚಿಕ್ಕಮಗಳೂರಿನವರಿಗೆ ನಾನು ಹೇಳುವುದಿಲ್ಲ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಬಿಡಿ. ಊಟದ ಜೊತೆ ನಿಂಬೆಹುಳಿ ಹಿಂಡಿಕೊಳ್ಳಿ, ಬೆಟ್ಟದ ನೆಲ್ಲಿಕಾಯಿ ಚಟ್ನಿ ಮಾಡಿ, ಇಲ್ಲವೇ ಒಂದು ಸೀಬೆಹಣ್ಣು ತಿನ್ನಿ. ಕಾಳು ಮೊಳಕೆ ಬರಿಸಿದರೆ, ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಇನ್ನೂ ಒಳ್ಳೆಯದು. ಹಿಮೋಗ್ಲೋಬಿನ್ ತುಂಬಾ ಇಳಿದಿದ್ದರೆ ಊಟ ಒಂದೇ ಸಾಲದು, ಮಾತ್ರೆ ಬೇಕು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಅದನ್ನೂ ತೋರಿಸಿ.

ಹಾಲು ಬಿಟ್ರೆ ಮೂಳೆ ಸವೆಯಲ್ವಾ?

ಸುಮ್ನೆ ಬಿಟ್ಟರೆ ಕಷ್ಟ, ಬದಲಿಗೆ ಏನಾದರೂ ತಿಂದರೆ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 120. ರಾಗಿಯದ್ದು ಹಾಲಿನಷ್ಟು ಚೆನ್ನಾಗಿ ಮೈಗೆ ಹತ್ತುವುದಿಲ್ಲ, ಅದಕ್ಕೇ ರಾಗಿ ಒಂದನ್ನೇ ನಂಬಬೇಡಿ. ನುಗ್ಗೆಸೊಪ್ಪು, ಎಳ್ಳು, ಹುಚ್ಚೆಳ್ಳಿನ ಚಟ್ನಿಪುಡಿ ಜೊತೆಗಿರಲಿ. ಬಿಸಿಲಿಗೆ ಮೈಯೊಡ್ಡಿ, ನಡೆಯಿರಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲೇ ಕಾಣದ ಮಲೆನಾಡಿನ ವಯಸ್ಸಾದವರು ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಶುಗರ್ ಇದೆ. ಅನ್ನ ಬಿಟ್ಟು ಮುದ್ದೆ ಎಷ್ಟು ಬೇಕಾದ್ರೂ ತಿನ್ಬಹುದಲ್ವಾ?

ತಿನ್ನಬಾರದು. ರಾಗಿಯಲ್ಲೂ ಮುಕ್ಕಾಲು ಪಾಲಿನ ಹತ್ತಿರ ಪಿಷ್ಟವೇ. ಪಾಲಿಶ್ ಅಕ್ಕಿಗಿಂತ ನಾರು ಮೂರು ನಾಲ್ಕು ಪಟ್ಟು ಜಾಸ್ತಿ, ಅದು ಅದರ ಗುಣ. ಆದರೆ ದೊಡ್ಡ ಎರಡು ಮುದ್ದೆ ತೆಳು ಸಾರಿನಲ್ಲಿ ನುಂಗಿದರೆ ಶುಗರ್ ಏರುತ್ತದೆ. ಮುದ್ದೆ ಚಿಕ್ಕದಾಗಲಿ, ಪಲ್ಯ ಅದರ ಎರಡು ಪಾಲಾಗಲಿ. ಹೀಗೆ ಬದಲಿಸಿದಾಗ ಕೆಲವರಿಗೆ ಶುಗರ್ ಬೇಗ ಇಳಿಯುತ್ತದೆ. ಇನ್ಸುಲಿನ್, ಮಾತ್ರೆ ತೆಗೆದುಕೊಳ್ಳುವವರು ಪರೀಕ್ಷೆ ಮಾಡಿಸುತ್ತಾ, ಡಾಕ್ಟರಿಗೆ ಹೇಳಿಯೇ ಬದಲಿಸಿ.

ಬಸುರಿ, ಬಾಣಂತಿ, ಮಕ್ಕಳು ಎಲ್ಲ ಬಿಡಬಹುದಾ?

ಮಾಂಸವಿಲ್ಲದ ಊಟ ಸರಿಯಾಗಿ ಯೋಜಿಸಿದರೆ ನಡೆಯುತ್ತದೆ. ಆದರೆ ಹಾಲು, ಮೊಟ್ಟೆಯೂ ಇಲ್ಲದ ಊಟವನ್ನು ಡಾಕ್ಟರ ಸಲಹೆ ಇಲ್ಲದೆ ಈ ಹೊತ್ತಿನಲ್ಲಿ ಶುರು ಮಾಡಬೇಡಿ. ತಾಯಿಗೆ ಬಿ12 ಕಮ್ಮಿಯಾದರೆ ಹಾಲು ಕುಡಿಯುವ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು.

ಕಿಡ್ನಿ ತೊಂದರೆ ಇರೋರು?

ಕಾಳು, ಸೊಪ್ಪು, ಎಳನೀರು ಎಲ್ಲದಕ್ಕೂ ಅಳತೆ ಬೇಕು, ಪೊಟ್ಯಾಸಿಯಂ ಏರಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬೇಡಿ. ಇಬ್ಬರೂ ನಿಮ್ಮ ಡಾಕ್ಟರು ಹೇಳಿದ ಪಟ್ಟಿಯನ್ನೇ ನಡೆಸಿ.

## ಭೂಮಿ, ನೀರು, ದನಕರು

ನಾನೊಬ್ಬ ಕೋಳಿ ಬಿಟ್ರೆ ಭೂಮಿಗೆ ಏನಾಗುತ್ತೆ?

2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 119 ದೇಶಗಳ ಸುಮಾರು 38,700 ಜಮೀನುಗಳ ಲೆಕ್ಕ ಹಾಕಿತು. ಮಾಂಸ, ಹಾಲು, ಮೊಟ್ಟೆ, ಸಾಕಿದ ಮೀನು ಇವೆಲ್ಲ ಸೇರಿ ಲೋಕಕ್ಕೆ ಕೊಡುವ ಕ್ಯಾಲೊರಿ ಶೇ. 18, ಪ್ರೋಟೀನ್ ಶೇ. 37. ಹುಲ್ಲುಗಾವಲೂ ಸೇರಿ ಅವು ಬಳಸುವ ಕೃಷಿಭೂಮಿ ಶೇ. 83.

ಇದನ್ನು ನಮ್ಮ ಹೊಲದಲ್ಲೇ ನೋಡಬಹುದು. ಹಾಸನ ಜಿಲ್ಲೆಯಲ್ಲಿ ರಾಗಿ, ಆಲೂಗಡ್ಡೆ ಇದ್ದ ಎಷ್ಟೋ ಹೊಲಗಳಲ್ಲಿ ಈಗ ಮುಸುಕಿನ ಜೋಳ. ದೇಶದ ಮುಸುಕಿನ ಜೋಳದಲ್ಲಿ ಹೆಚ್ಚಿನ ಪಾಲು ಹೋಗುವುದು ಕೋಳಿ, ದನದ ಆಹಾರಕ್ಕೆ, ಈಚೆಗೆ ಎಥನಾಲ್‌ಗೂ. ಮನುಷ್ಯರ ಕಾಳು ಬೆಳೆಯುತ್ತಿದ್ದ ಮಣ್ಣು ಕೋಳಿಯ ಕಾಳು ಬೆಳೆಯುತ್ತಿದೆ. ಒಬ್ಬರ ಊಟದಿಂದ ಇದು ತಿರುಗುವುದಿಲ್ಲ. ಆದರೆ ರೈತ ಬೆಳೆಯುವುದು ಕೊಳ್ಳುವವರು ಇದ್ದರೆ ತಾನೆ? ಹುರುಳಿ, ಅವರೆ, ಅಲಸಂದೆಗೆ ಕೇಳುವವರು ಹೆಚ್ಚಾಗಬೇಕು.

ನಮ್ಮ ಹಸು ತಿನ್ನೋದು ಬದುವಿನ ಹುಲ್ಲು. ಡೇರಿ ದುಡ್ಡಲ್ಲೇ ಮಕ್ಕಳ ಫೀಸ್ ಕಟ್ಟೋದು. ಅದೂ ತಪ್ಪಾ?

ತಪ್ಪು ಅಂತ ನಾನು ಹೇಳಲಾರೆ. ಮಳೆ ಕೈಕೊಟ್ಟಾಗ ಮನೆ ನಡೆಸಿದ್ದು ಡೇರಿಯ ಹಾಲಿನ ದುಡ್ಡು, ಅದರಲ್ಲೂ ಹೆಂಗಸರ ಕೈಗೆ ಬಂದ ದುಡ್ಡು. ಎರಡು ಹಸು ಕಟ್ಟಿಕೊಂಡ ಮನೆಯ ಮೇಲೆ ಹವಾಮಾನದ ಹೊರೆ ಹಾಕುವುದು ನ್ಯಾಯವಲ್ಲ.

ಆದರೆ ಸತ್ಯ ಮುಚ್ಚಿಡಬಾರದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಏರಿಸುತ್ತದೆ. 2019ರ ಗಣತಿಯಲ್ಲಿ ನಮ್ಮ ದೇಶದಲ್ಲಿ ದನ, ಎಮ್ಮೆ ಸೇರಿ ಸುಮಾರು 30 ಕೋಟಿ ಇದ್ದವು. ಭಾರತದಲ್ಲಿ ತಲೆಗೆ ಇಷ್ಟು ಅಂತ ನೋಡಿದರೆ ಮಾಂಸ ತಿನ್ನುವುದು ಕಮ್ಮಿ. ಹಾಗಾಗಿ ನಮ್ಮಲ್ಲಿ ಈ ಪ್ರಶ್ನೆ ಮಟನ್‌ಗಿಂತ ಹಾಲಿಗೇ ಜಾಸ್ತಿ ತಗಲುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಬದಲಾವಣೆ ಶುರುವಾಗಬೇಕಾದ್ದು ಹಾಲು ಕರೆಯುವವರಿಂದ ಅಲ್ಲ, ಪನೀರು, ಚೀಸು, ಐಸ್‌ಕ್ರೀಮು ಅಂತ ದಿನಕ್ಕೆ ಮೂರು ಸಲ ತಿನ್ನುವ ಪೇಟೆಯವರಿಂದ. ಕಾಫಿಯನ್ನು ಒಂದು ಹೊತ್ತು ಹಾಲಿಲ್ಲದೆ ಬೆಲ್ಲ ಹಾಕಿ ಕುಡಿಯಬಹುದು, ಮಲೆನಾಡಿಗೆ ಅದು ಹೊಸದಲ್ಲ. ಇನ್ನು ಮೇಯುವುದೆಲ್ಲ ಹಾನಿ ಅಂತಲೂ ತಿಳಿಯಬೇಡಿ. ಬೀರೂರು, ಕಡೂರು, ಅಜ್ಜಂಪುರದ ಅಮೃತಮಹಲ್ ಕಾವಲುಗಳು ದನಕ್ಕೆಂದು ಬಿಟ್ಟಿದ್ದರಿಂದಲೇ ಹುಲ್ಲುಗಾವಲಾಗಿ ಉಳಿದವು. ಬಾಸೂರು ಕಾವಲಿನಲ್ಲಿ ಕೃಷ್ಣಮೃಗ ಇಂದಿಗೂ ಇವೆ. ಅವನ್ನು ಉತ್ತು ಹೊಲ ಮಾಡಿದ್ದರೆ ಪರಿಸರಕ್ಕೆ ಲಾಭವಾಗುತ್ತಿರಲಿಲ್ಲ.

ಅನ್ನ, ಕಾಫಿಯಿಂದ ಹಾನಿ ಇಲ್ವಾ? ಬರೀ ಮಾಂಸದ ಮೇಲೆ ಯಾಕೆ?

ಇದೆ. ನೀರು ನಿಂತ ಗದ್ದೆಯ ಕೆಸರಿನಿಂದಲೂ ಮೀಥೇನ್ ಬರುತ್ತದೆ. ಗದ್ದೆಯನ್ನು ನಡುನಡುವೆ ಒಣಗಲು ಬಿಟ್ಟರೆ ಅದು ಇಳಿಯುತ್ತದೆ. ಮಳೆಯಾಶ್ರಯದ ರಾಗಿಗೆ ಆ ತೊಂದರೆಯೇ ಇಲ್ಲ. ವಾರದಲ್ಲಿ ಕೆಲವು ಹೊತ್ತು ಅನ್ನದ ಬದಲು ಮುದ್ದೆ ತಿನ್ನಲು ಇದೂ ಒಂದು ಕಾರಣ. ಕಾಫಿಯಲ್ಲಿ ನೆರಳು ಮುಖ್ಯ. ಅತ್ತಿ, ಹಲಸು, ನಂದಿ ಮರಗಳ ಕೆಳಗೆ ಬೆಳೆದ ತೋಟದಲ್ಲಿ ಹಕ್ಕಿ, ಜೇನು ಉಳಿಯುತ್ತವೆ. ಎಲ್ಲ ತೆಗೆದು ಬರೀ ಸಿಲ್ವರ್ ಓಕ್ ಹಾಕಿದರೆ ಅಷ್ಟು ಉಳಿಯುವುದಿಲ್ಲ.

ದೂರದಿಂದ ಬಂದದ್ದು ಕೆಟ್ಟದ್ದು, ನಮ್ಮೂರಿನದ್ದು ಒಳ್ಳೆಯದು. ಇಷ್ಟು ನೋಡಿದ್ರೆ ಸಾಕಲ್ವಾ?

ಸಾಲದು. ಆಹಾರದಿಂದ ಬರುವ ಒಟ್ಟು ಇಂಗಾಲದಲ್ಲಿ ಸಾಗಾಟದ ಪಾಲು ಸಾಮಾನ್ಯವಾಗಿ ಚಿಕ್ಕದು. ಏನು ತಿನ್ನುತ್ತೇವೆ ಅನ್ನುವುದು ಎಲ್ಲಿಂದ ಬಂತು ಅನ್ನುವುದಕ್ಕಿಂತ ದೊಡ್ಡದು. ವಿಜಯಪುರದ ತೊಗರಿಬೇಳೆ ಪಕ್ಕದ ಊರಿನ ಕುರಿಮಾಂಸಕ್ಕಿಂತ ಭೂಮಿಗೆ ಹಗುರ. ಹತ್ತಿರದ್ದನ್ನು ಕೊಳ್ಳಲು ಬೇರೆ ಒಳ್ಳೆಯ ಕಾರಣಗಳಿವೆ. ತಾಜಾ ಇರುತ್ತದೆ, ದುಡ್ಡು ಗೊತ್ತಿರುವವರ ಕೈ ಸೇರುತ್ತದೆ.

ದನ ಕಮ್ಮಿಯಾದ್ರೆ ಗೊಬ್ಬರ ಎಲ್ಲಿಂದ ತರೋಣ? ಗೊಬ್ಬರ ಇಲ್ದೆ ರಾಗಿ ಬರುತ್ತಾ?

ರೈತರು ಮಾತ್ರ ಕೇಳುವ ಪ್ರಶ್ನೆ ಇದು, ಎಲ್ಲಕ್ಕಿಂತ ಗಟ್ಟಿಯಾದದ್ದೂ ಹೌದು. ಕೊಟ್ಟಿಗೆ ಗೊಬ್ಬರಕ್ಕೆ ಸಮನಾದದ್ದು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ದನವೇ ಬೇಡ ಅನ್ನುವ ವಾದ ನನ್ನದಲ್ಲ. ಆದರೆ ದನದ ಮೇಲಿನ ಭಾರವನ್ನು ಕಾಳಿನ ಬೆಳೆ ಸ್ವಲ್ಪ ಇಳಿಸುತ್ತದೆ. ಅವರೆ, ಅಲಸಂದೆ, ತೊಗರಿ, ಹುರುಳಿಯ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಇರುತ್ತವೆ. ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಒಂದು ಅವರೆ ಗಿಡ ಕಿತ್ತು ಬೇರು ನೋಡಿ, ಗಂಟು ಒಡೆದರೆ ಒಳಗೆ ನಸುಗೆಂಪು. ಆ ಬಣ್ಣ ಇದ್ದರೆ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ.

ರಾಗಿ ಹೊಲದ ನಡುವೆ ಅಕ್ಕಡಿ ಸಾಲು, ಅಂದರೆ ಕಾಳಿನ ಸಾಲು, ನಿಮ್ಮ ತಂದೆ, ತಾತ ಹಾಕಿರುತ್ತಾರೆ. ಅದನ್ನು ಮತ್ತೆ ಹಾಕಿ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿಯಾದರೆ ಎಂಟಕ್ಕೆ ಎರಡು. ಅಂಚಿಗೆ ಹುಚ್ಚೆಳ್ಳು ಚೆಲ್ಲಿದರೆ ಜೇನು ಬರುತ್ತದೆ, ಮನೆಗೆ ಚಟ್ನಿಪುಡಿಯೂ ಆಗುತ್ತದೆ. ಬದುವಿಗೆ ಗೊಬ್ಬರದ ಗಿಡ, ಹೊಂಗೆ ನೆಟ್ಟು ಸೊಪ್ಪು ಕೊಯ್ದು ಮಣ್ಣಿಗೆ ಸೇರಿಸಿ. ಮುಂಗಾರಿನ ಮೊದಲ ಮಳೆಗೆ ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಉತ್ತು ಮಗುಚಿ, ಆಮೇಲೆ ರಾಗಿ ಹಾಕಿ. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ಇರುತ್ತದೆ, ಧನುರ್ಮಾಸಕ್ಕೆ ಸೊಗಡಿನ ಕಾಯಿ ಕೀಳಬಹುದು.